ರೈಬೋಸೋಮಿನ ಬಾಗಿಲಲ್ಲೇ ಮಡಚಿಕೊಳ್ಳುವ ಪ್ರೋಟೀನ್



ಟ್ರಾನ್ಸ್‌ಲೇಶನ್ ಕುರಿತು ಐದು ಅಂಕದ ಪ್ರಶ್ನೆ ಬಂದರೆ ನಿಮ್ಮಲ್ಲಿ ಹೆಚ್ಚಿನವರು ಚೆನ್ನಾಗಿಯೇ ಬರೆಯುತ್ತೀರಿ. ಎಂಆರ್‌ಎನ್‌ಎ ರೈಬೋಸೋಮಿಗೆ ಬಂದು ಸೇರುತ್ತದೆ, ಟಿಆರ್‌ಎನ್‌ಎಗಳು ಒಂದೊಂದೇ ಅಮೈನೋ ಆಮ್ಲ ಹೊತ್ತು ತರುತ್ತವೆ, ಪೆಪ್ಟೈಡ್ ಬಂಧ ಏರ್ಪಡುತ್ತದೆ, ಸ್ಟಾಪ್ ಕೋಡಾನ್ ಬಂದಾಗ ಸರಪಳಿ ಬಿಡುಗಡೆಯಾಗುತ್ತದೆ. ಚಿತ್ರದಲ್ಲಿ ರೈಬೋಸೋಮಿನಿಂದ ಒಂದು ಬಾಲ ಹೊರಬರುವಂತೆ ಬಿಡಿಸಿ, ಬಾಣ ಹಾಕಿ, ‘ಪಾಲಿಪೆಪ್ಟೈಡ್’ ಎಂದು ಗುರುತಿಸಿದರೆ ಪೂರ್ತಿ ಅಂಕ.

ಆದರೆ ಆ ಬಾಲ ಇನ್ನೂ ಕೆಲಸ ಮಾಡುವ ಪ್ರೋಟೀನ್ ಆಗಿಲ್ಲ. ಅದು ಸರಿಯಾದ ಆಕಾರಕ್ಕೆ ಮಡಚಿಕೊಳ್ಳಬೇಕು. ಯಾವಾಗ ಮಡಚಿಕೊಳ್ಳುತ್ತದೆ? ಪೂರ್ತಿ ತಯಾರಾಗಿ ರೈಬೋಸೋಮನ್ನು ಬಿಟ್ಟ ಮೇಲೋ, ಅಥವಾ ತಯಾರಾಗುತ್ತಿರುವಾಗಲೋ? ಮೇಲ್ನೋಟಕ್ಕೆ ಇದು ಸಣ್ಣ ಪ್ರಶ್ನೆ. ಆದರೆ ಇನ್ಸುಲಿನ್ ಸರಿಯಾಗಿ ತಯಾರಾಗುವುದು, ಕೆಲವು ಮಕ್ಕಳು ಹುಟ್ಟಿನಿಂದಲೇ ಕಾಯಿಲೆ ಹೊತ್ತು ಬರುವುದು, ಇವೆಲ್ಲ ಇದೇ ಪ್ರಶ್ನೆಗೆ ಹೊಂದಿಕೊಂಡಿವೆ. ಈ ಸಂಚಿಕೆಯ ಪಾಠ ಅದರ ಬಗ್ಗೆ.

ಸರಪಳಿ ಬೇರೆ, ಆಕಾರ ಬೇರೆ

ಪ್ರೋಟೀನಿನ ರಚನೆಯಲ್ಲಿ ನಾಲ್ಕು ಹಂತಗಳಿವೆ ಎಂದು ಪ್ರಥಮ ಪಿಯುಸಿಯ ಜೈವಿಕ ಅಣುಗಳ ಅಧ್ಯಾಯದಲ್ಲಿ ಓದಿದ್ದೀರಿ. ಅಮೈನೋ ಆಮ್ಲಗಳ ಅನುಕ್ರಮ ಪ್ರಾಥಮಿಕ ರಚನೆ. ಆಲ್ಫಾ ಸುರುಳಿ, ಬೀಟಾ ಹಾಳೆಗಳು ದ್ವಿತೀಯಕ. ಇಡೀ ಸರಪಳಿ ಮೂರು ಆಯಾಮಗಳಲ್ಲಿ ಮಡಚಿಕೊಂಡರೆ ತೃತೀಯಕ. ಹಿಮೋಗ್ಲೋಬಿನ್ನಿನಂತೆ ಹಲವು ಸರಪಳಿಗಳು ಒಂದುಗೂಡಿದರೆ ಚತುರ್ಥಕ.

ಮೊಟ್ಟೆ ಬೇಯಿಸುವಾಗ ಏನಾಗುತ್ತದೆ ನೋಡಿ. ನೀರಿನಂತಿದ್ದ ಬಿಳಿಭಾಗ ಗಟ್ಟಿಯಾಗುತ್ತದೆ. ಬಿಸಿಯಿಂದ ಪೆಪ್ಟೈಡ್ ಬಂಧಗಳು ತುಂಡಾಗಿಲ್ಲ, ಅಮೈನೋ ಆಮ್ಲಗಳ ಅನುಕ್ರಮ ಮೊದಲು ಇದ್ದಂತೆಯೇ ಇದೆ. ಕೆಟ್ಟದ್ದು ಆಕಾರ ಮಾತ್ರ. ಒಳಗೆ ಅಡಗಿದ್ದ ಜಲದ್ವೇಷಿ ಭಾಗಗಳು, ಅಂದರೆ ನೀರಿನೊಂದಿಗೆ ಹೊಂದಿಕೊಳ್ಳದ ಭಾಗಗಳು ಹೊರಬಂದು, ಪಕ್ಕದ ಸರಪಳಿಗಳಿಗೆ ಅಂಟಿಕೊಂಡವು. ಬೆಂದ ಮೊಟ್ಟೆಯನ್ನು ತಣ್ಣಗಾಗಿಸಿದರೆ ಮತ್ತೆ ನೀರಾಗುವುದಿಲ್ಲ. ಸರಪಳಿ ಸರಿಯಿದ್ದ ಮಾತ್ರಕ್ಕೆ ಪ್ರೋಟೀನ್ ಸರಿಯಿದೆ ಎನ್ನಲಾಗದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ.

ಆನ್‌ಫಿನ್ಸೆನ್ ಮಾಡಿದ ಪ್ರಯೋಗ

ಹಾಗಾದರೆ ಯಾವ ಆಕಾರಕ್ಕೆ ಮಡಚಿಕೊಳ್ಳಬೇಕೆಂದು ಸರಪಳಿಗೆ ಹೇಳುವವರು ಯಾರು? ಅಮೆರಿಕದ ಕ್ರಿಶ್ಚಿಯನ್ ಆನ್‌ಫಿನ್ಸೆನ್ ಇದಕ್ಕೆ ಉತ್ತರ ಹುಡುಕಿದರು. ಅವರು ಆರಿಸಿಕೊಂಡದ್ದು ಹಸುವಿನ ಮೇದೋಜೀರಕ ಗ್ರಂಥಿಯ ರೈಬೋನ್ಯೂಕ್ಲಿಯೇಸ್ ಎಂಬ ಕಿಣ್ವ. ಅದರಲ್ಲಿ 124 ಅಮೈನೋ ಆಮ್ಲಗಳಿವೆ. ಅವುಗಳಲ್ಲಿ 8 ಸಿಸ್ಟೀನ್‌ಗಳು ಎರಡೆರಡಾಗಿ ಸೇರಿ 4 ಡೈಸಲ್ಫೈಡ್ ಬಂಧಗಳಾಗಿವೆ.

ಯೂರಿಯಾ ಮತ್ತು ಮರ್ಕಾಪ್ಟೋಎಥನಾಲ್ ಸೇರಿಸಿದಾಗ ಆ ಬಂಧಗಳು ಕಳಚಿ, ಕಿಣ್ವ ಪೂರ್ತಿ ಬಿಚ್ಚಿಕೊಂಡು ಕೆಲಸ ನಿಲ್ಲಿಸಿತು. ಆ ರಾಸಾಯನಿಕಗಳನ್ನು ತೆಗೆದು ಗಾಳಿಗೆ ಒಡ್ಡಿದಾಗ ಸರಪಳಿ ತಾನಾಗಿಯೇ ಮೊದಲಿನ ಆಕಾರಕ್ಕೆ ಮರಳಿ ಮತ್ತೆ ಕೆಲಸ ಶುರುಮಾಡಿತು. ಇಲ್ಲಿ ಒಂದು ಸಣ್ಣ ಲೆಕ್ಕ ಮಾಡಿ. 8 ಸಿಸ್ಟೀನ್‌ಗಳನ್ನು ಜೋಡಿ ಮಾಡಲು 7 × 5 × 3 × 1, ಅಂದರೆ 105 ದಾರಿಗಳಿವೆ. ಅವುಗಳಲ್ಲಿ ಸರಿಯಾದದ್ದು ಒಂದೇ. ಹೊರಗಿನಿಂದ ಯಾರೂ ಹೇಳಿಕೊಡದೆ ಸರಪಳಿ ಆ ಒಂದನ್ನೇ ಕಂಡುಕೊಂಡಿತು. ಬೇಕಾದ ಮಾಹಿತಿಯೆಲ್ಲ ಅಮೈನೋ ಆಮ್ಲಗಳ ಅನುಕ್ರಮದಲ್ಲೇ ಇದೆ ಎಂಬ ತೀರ್ಮಾನಕ್ಕೆ ಆನ್‌ಫಿನ್ಸೆನ್ ಬಂದರು. 1972ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಯಲ್ಲಿ ಅವರಿಗೆ ಪಾಲು ಸಿಕ್ಕಿದ್ದು ಈ ಕೆಲಸಕ್ಕೆ.

ಲೆವಿಂಥಾಲ್ ಕೇಳಿದ ಪ್ರಶ್ನೆ

ಮಾಹಿತಿ ಸರಪಳಿಯಲ್ಲೇ ಇದೆ ಸರಿ, ಆದರೆ ಅದನ್ನು ಇಷ್ಟು ಬೇಗ ಹುಡುಕಿಕೊಳ್ಳುವುದು ಹೇಗೆ? 1969ರಲ್ಲಿ ಸೈರಸ್ ಲೆವಿಂಥಾಲ್ ಎತ್ತಿದ ಪ್ರಶ್ನೆ ಇದು. ನೂರು ಅಮೈನೋ ಆಮ್ಲಗಳ ಸರಪಳಿ ತೆಗೆದುಕೊಳ್ಳಿ. ಪ್ರತಿಯೊಂದಕ್ಕೂ ಮೂರೇ ಭಂಗಿಗಳಿವೆ ಎಂದುಕೊಂಡರೂ ಒಟ್ಟು ಸಾಧ್ಯತೆಗಳು 3ರ ಘಾತ 100. ಅಂದರೆ 5ರ ಮುಂದೆ 47 ಸೊನ್ನೆಗಳು. ಸೆಕೆಂಡಿಗೆ ಹತ್ತು ಲಕ್ಷ ಕೋಟಿ ಭಂಗಿಗಳನ್ನು ಪರೀಕ್ಷಿಸುತ್ತಾ ಹೋದರೂ ವಿಶ್ವದ ವಯಸ್ಸು, ಅಂದರೆ ಸುಮಾರು 1,380 ಕೋಟಿ ವರ್ಷ, ಸಾಲುವುದಿಲ್ಲ. ಆದರೆ ನಿಜವಾದ ಸಣ್ಣ ಪ್ರೋಟೀನ್‌ಗಳು ಸೆಕೆಂಡಿನ ಸಣ್ಣ ಭಾಗದಿಂದ ಕೆಲವು ಸೆಕೆಂಡುಗಳ ಒಳಗೆ ಮಡಚಿಕೊಳ್ಳುತ್ತವೆ.

ಹಾಗಾಗಿ ಸರಪಳಿ ಎಲ್ಲ ಭಂಗಿಗಳನ್ನೂ ಒಂದೊಂದಾಗಿ ಪರೀಕ್ಷಿಸುವುದಿಲ್ಲ ಎಂಬುದು ಸ್ಪಷ್ಟ. ಎಷ್ಟೋ ಭಂಗಿಗಳು ಮೊದಲೇ ಅಸಾಧ್ಯ, ಏಕೆಂದರೆ ಅಲ್ಲಿ ಪರಮಾಣುಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ಯಾವ ಕೋನಗಳು ಸಾಧ್ಯ, ಯಾವುವು ಅಸಾಧ್ಯ ಎಂದು 1963ರಲ್ಲಿ ನಕ್ಷೆ ಹಾಕಿ ತೋರಿಸಿದವರು ಮದ್ರಾಸ್ ವಿಶ್ವವಿದ್ಯಾಲಯದಲ್ಲಿದ್ದ ಜಿ.ಎನ್. ರಾಮಚಂದ್ರನ್ ಮತ್ತು ಅವರ ಸಹೋದ್ಯೋಗಿಗಳು. ಇಂದಿಗೂ ಜಗತ್ತಿನಲ್ಲಿ ಯಾರೇ ಹೊಸ ಪ್ರೋಟೀನ್ ರಚನೆ ಪ್ರಕಟಿಸಲಿ, ಅದು ಸರಿಯಿದೆಯೇ ಎಂದು ‘ರಾಮಚಂದ್ರನ್ ನಕ್ಷೆ’ಯಲ್ಲಿಟ್ಟು ನೋಡುತ್ತಾರೆ. ಅವರು ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಅಲ್ಲಿ ಆಣ್ವಿಕ ಜೀವಭೌತಶಾಸ್ತ್ರ ವಿಭಾಗ ಕಟ್ಟಿದರು. ಪ್ರಥಮ ಪಿಯುಸಿ ಪಠ್ಯಪುಸ್ತಕದಲ್ಲಿ ಜೀವಕೋಶದ ಘಟಕ ಆರಂಭವಾಗುವಲ್ಲಿ ಇರುವ ಪರಿಚಯ ಅವರದೇ. ಮುಂದಿನ ಸಲ ಆ ಪುಟ ಹಾರಿಸಬೇಡಿ.

ಪ್ರನಾಳದಲ್ಲಿ ಇಲ್ಲದ ಕಷ್ಟ ಕೋಶದಲ್ಲಿದೆ

ಆನ್‌ಫಿನ್ಸೆನ್ ಪ್ರಯೋಗ ನಡೆದದ್ದು ಪ್ರನಾಳದಲ್ಲಿ. ಜೀವಕೋಶದ ಪರಿಸ್ಥಿತಿ ಮೂರು ರೀತಿಯಲ್ಲಿ ಬೇರೆ.

ಮೊದಲನೆಯದು, ಪ್ರನಾಳದಲ್ಲಿ ಇಡೀ ಸರಪಳಿ ಒಮ್ಮೆಗೇ ಸಿದ್ಧವಾಗಿತ್ತು. ಕೋಶದಲ್ಲಿ ಅದು ಅಮೈನೋ ತುದಿಯಿಂದ ಶುರುವಾಗಿ ಒಂದೊಂದೇ ಕೊಂಡಿಯಾಗಿ ಹುಟ್ಟುತ್ತದೆ. ಬ್ಯಾಕ್ಟೀರಿಯಾದಲ್ಲಿ ಸೆಕೆಂಡಿಗೆ ಸುಮಾರು 15ರಿಂದ 20 ಅಮೈನೋ ಆಮ್ಲಗಳು ಸೇರುತ್ತವೆ, ನಮ್ಮ ಕೋಶಗಳಲ್ಲಿ ಸುಮಾರು 5. ಮುನ್ನೂರು ಅಮೈನೋ ಆಮ್ಲಗಳ ಪ್ರೋಟೀನ್ ನಮ್ಮ ದೇಹದಲ್ಲಿ ತಯಾರಾಗಲು ಸುಮಾರು ಒಂದು ನಿಮಿಷ ಬೇಕು. ಮಡಚಿಕೊಳ್ಳಲು ಬೇಕಾದ ಸಮಯ ಎಷ್ಟೋ ಸಲ ಅದಕ್ಕಿಂತ ಕಡಿಮೆ. ಹಾಗಿರುವಾಗ ಮೊದಲು ಹೊರಬಂದ ಭಾಗ, ಕೊನೆಯ ಭಾಗಕ್ಕಾಗಿ ಕಾಯುತ್ತಾ ನೆಟ್ಟಗೆ ನಿಂತಿರುವುದಿಲ್ಲ.

ಎರಡನೆಯದು, ಕೋಶದೊಳಗೆ ವಿಪರೀತ ಜನಸಂದಣಿ. ಬ್ಯಾಕ್ಟೀರಿಯಾ ಕೋಶದ ಒಂದು ಮಿಲಿಲೀಟರ್ ದ್ರವದಲ್ಲಿ 300ರಿಂದ 400 ಮಿಲಿಗ್ರಾಂ ದೊಡ್ಡ ಅಣುಗಳಿರುತ್ತವೆ. ಅರ್ಧ ತಯಾರಾದ ಸರಪಳಿಯ ಜಲದ್ವೇಷಿ ಭಾಗ ಹೊರಗೆ ಕಾಣುತ್ತಿದ್ದರೆ, ಅದು ಪಕ್ಕದವರಿಗೆ ಅಂಟಿಕೊಳ್ಳುವ ಅಪಾಯ ಬಹಳ.

ಮೂರನೆಯದು, ಪಾಲಿಸೋಮ್. ಒಂದೇ ಎಂಆರ್‌ಎನ್‌ಎ ಮೇಲೆ ಹಲವು ರೈಬೋಸೋಮ್‌ಗಳು ಸಾಲಾಗಿ ಓಡುತ್ತಿರುತ್ತವೆ. ಅಂದರೆ ಅಕ್ಕಪಕ್ಕದಲ್ಲೇ ಒಂದೇ ಬಗೆಯ ಅರೆಬರೆ ಸರಪಳಿಗಳು ನೇತಾಡುತ್ತಿರುತ್ತವೆ. ಅವು ಒಂದಕ್ಕೊಂದು ಸಿಕ್ಕು ಹಾಕಿಕೊಂಡರೆ ಬೆಂದ ಮೊಟ್ಟೆಯ ಕಥೆಯೇ.

ಸುರಂಗದಲ್ಲಿ ಶುರುವಾಗುವ ಕೆಲಸ

ಪೆಪ್ಟೈಡ್ ಬಂಧ ಏರ್ಪಡುವ ಜಾಗ ರೈಬೋಸೋಮಿನ ದೊಡ್ಡ ಉಪಘಟಕದ ಆಳದಲ್ಲಿದೆ. ಅಲ್ಲಿಂದ ಹೊರಗೆ ಬರಲು ಸರಪಳಿ ಒಂದು ಸುರಂಗವನ್ನು ದಾಟಬೇಕು. ಅದರ ಉದ್ದ 8ರಿಂದ 10 ನ್ಯಾನೋಮೀಟರ್, ಅಗಲ 1ರಿಂದ 2 ನ್ಯಾನೋಮೀಟರ್. ಗೋಡೆಯ ಹೆಚ್ಚಿನ ಭಾಗ ಆರ್‌ಆರ್‌ಎನ್‌ಎ. ಸುಮಾರು 30ರಿಂದ 40 ಅಮೈನೋ ಆಮ್ಲಗಳು ಯಾವಾಗಲೂ ಈ ಸುರಂಗದೊಳಗೇ ಇರುತ್ತವೆ. ರೈಬೋಸೋಮಿನ ರಚನೆಯನ್ನು ಪರಮಾಣು ಮಟ್ಟದಲ್ಲಿ ತೋರಿಸಿದ್ದಕ್ಕೆ ವೆಂಕಟರಾಮನ್ ರಾಮಕೃಷ್ಣನ್, ಥಾಮಸ್ ಸ್ಟೈಟ್ಜ್ ಮತ್ತು ಅದಾ ಯೋನಾಥ್ 2009ರ ನೊಬೆಲ್ ಹಂಚಿಕೊಂಡರು.

ಶಾವಿಗೆ ಒತ್ತುವ ಒರಳನ್ನು ನೆನಪಿಸಿಕೊಳ್ಳಿ. ಹಿಟ್ಟು ಇನ್ನೂ ಒಳಗಿರುವಾಗಲೇ ಹೊರಬಂದ ಎಳೆ ಕೆಳಗೆ ಸುರುಳಿಯಾಗಿ ಕೂರುತ್ತದೆ. ಪ್ರೋಟೀನಿನದೂ ಹೆಚ್ಚುಕಡಿಮೆ ಹಾಗೇ. ಸುರಂಗ ಕಿರಿದಾದ್ದರಿಂದ ಒಳಗೆ ದೊಡ್ಡ ಮಡಿಕೆಗೆ ಜಾಗವಿಲ್ಲ, ಆದರೆ ಆಲ್ಫಾ ಸುರುಳಿ ಅಲ್ಲೇ ರೂಪುಗೊಳ್ಳಬಲ್ಲದು. ಬಾಗಿಲ ಬಳಿ ಸುರಂಗ ಅಗಲವಾಗುತ್ತದೆ. ಅಲ್ಲಿ ತೀರಾ ಸಣ್ಣ ಘಟಕಗಳು ಮಡಚಿಕೊಳ್ಳಬಲ್ಲವು. ಬಾಗಿಲು ದಾಟಿದ ಮೇಲೆ, ಸ್ವತಂತ್ರವಾಗಿ ಮಡಚಿಕೊಳ್ಳಬಲ್ಲ ಒಂದು ಇಡೀ ಭಾಗ ಹೊರಬಂದ ಕೂಡಲೇ ಅದು ತನ್ನ ಆಕಾರ ಪಡೆಯುತ್ತದೆ. ಇಂಥ ಭಾಗಕ್ಕೆ ಡೊಮೇನ್ ಎನ್ನುತ್ತಾರೆ. ದೊಡ್ಡ ಪ್ರೋಟೀನ್‌ಗಳಲ್ಲಿ ಹಲವು ಡೊಮೇನ್‌ಗಳಿರುತ್ತವೆ. ಮೊದಲನೆಯದು ಮಡಚಿ ಮುಗಿದ ಮೇಲೆ ಎರಡನೆಯದು ಹೊರಬಂದರೆ, ಎರಡೂ ಸಿಕ್ಕಾಗುವ ಸಂಭವ ಕಡಿಮೆ. ಲೆವಿಂಥಾಲರ ದೊಡ್ಡ ಲೆಕ್ಕ ಹೀಗೆ ಸಣ್ಣ ಸಣ್ಣ ಲೆಕ್ಕಗಳಾಗಿ ಒಡೆಯುತ್ತದೆ.

ಮಿಂಚುಹುಳು ಕೊಟ್ಟ ಸಾಕ್ಷಿ

ಇದೆಲ್ಲ ಊಹೆಯಲ್ಲ ಎಂದು ಹೇಗೆ ಗೊತ್ತು? ರಷ್ಯಾದ ಪುಷ್ಚಿನೋದಲ್ಲಿ ಅಲೆಕ್ಸಾಂಡರ್ ಸ್ಪಿರಿನ್ ಅವರ ತಂಡ 1990ರ ದಶಕದಲ್ಲಿ ಮಾಡಿದ ಪ್ರಯೋಗ ಬಹಳ ಸರಳ. ಅವರು ಬಳಸಿದ್ದು ಮಿಂಚುಹುಳುವಿನ ಲೂಸಿಫರೇಸ್ ಕಿಣ್ವ. ಅದು 550 ಅಮೈನೋ ಆಮ್ಲಗಳ ಪ್ರೋಟೀನ್. ಸರಿಯಾಗಿ ಮಡಚಿಕೊಂಡಿದ್ದರೆ ಮಾತ್ರ ಅದು ಬೆಳಕು ಕೊಡುತ್ತದೆ. ಹೀಗಾಗಿ ಆಕಾರ ಬಂತೋ ಇಲ್ಲವೋ ಎಂಬುದನ್ನು ಬೆಳಕು ನೋಡಿಯೇ ಹೇಳಬಹುದು.

ಬಿಚ್ಚಿದ ಲೂಸಿಫರೇಸನ್ನು ಪ್ರನಾಳದಲ್ಲಿ ಮತ್ತೆ ಮಡಚಲು ಬಿಟ್ಟರೆ ಹಲವು ನಿಮಿಷ ಹಿಡಿಯುತ್ತದೆ. ಅದೇ ರೈಬೋಸೋಮ್‌ನಲ್ಲಿ ಹೊಸದಾಗಿ ತಯಾರಾದಾಗ, ಸರಪಳಿ ಪೂರ್ತಿಯಾಗುತ್ತಿದ್ದಂತೆಯೇ ಬೆಳಕು ಕಾಣಿಸಿತು. ಅಂದರೆ ಮಡಚುವ ಕೆಲಸದ ಬಹುಪಾಲು ಆಗಲೇ ಮುಗಿದಿತ್ತು. ಮತ್ತೊಂದು ಪ್ರಯೋಗದಲ್ಲಿ ಸರಪಳಿಯ ಕೊನೆಗೆ ಕೆಲವು ಹೆಚ್ಚುವರಿ ಅಮೈನೋ ಆಮ್ಲಗಳನ್ನು ಸೇರಿಸಿದರು. ಆ ಹೆಚ್ಚುವರಿ ಬಾಲ ಸುರಂಗದೊಳಗೆ ಉಳಿದು, ಲೂಸಿಫರೇಸಿನ ಪೂರ್ತಿ ಭಾಗ ಹೊರಗೆ ಬಂತು. ಆಗ ಕಿಣ್ವ ರೈಬೋಸೋಮಿಗೆ ಅಂಟಿಕೊಂಡಿರುವಾಗಲೇ ಬೆಳಗಿತು.

ಕಾವಲಿಗೆ ನಿಂತ ಪ್ರೋಟೀನ್‌ಗಳು

ಸುರಂಗದ ಬಾಗಿಲಲ್ಲಿ ಹೊಸ ಸರಪಳಿ ಒಂಟಿಯಾಗಿರುವುದಿಲ್ಲ. ಅದನ್ನು ಕಾಯಲು ಚಾಪೆರೋನ್ ಎಂಬ ಸಹಾಯಕ ಪ್ರೋಟೀನ್‌ಗಳಿವೆ. ಇವು ಆಕಾರ ಹೇಳಿಕೊಡುವುದಿಲ್ಲ, ಆ ಮಾಹಿತಿ ಸರಪಳಿಯಲ್ಲೇ ಇದೆ. ಕೆಟ್ಟ ಸಹವಾಸ ಆಗದಂತೆ ನೋಡಿಕೊಳ್ಳುವುದಷ್ಟೇ ಇವುಗಳ ಕೆಲಸ.

ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ ಮೊದಲು ಎದುರಾಗುವುದು ಟ್ರಿಗರ್ ಫ್ಯಾಕ್ಟರ್. ಅದು ಸುರಂಗದ ಬಾಗಿಲಿಗೇ ತಗುಲಿಕೊಂಡು, ಹೊರಬರುವ ಸರಪಳಿಯನ್ನು ತೊಟ್ಟಿಲಿನಂತೆ ಹಿಡಿಯುತ್ತದೆ. ಎರಡನೆಯದು ಡಿಎನ್‌ಎಕೆ. ಇದು ಜಲದ್ವೇಷಿ ತುಣುಕುಗಳನ್ನು ಹಿಡಿದು, ಎಟಿಪಿ ಶಕ್ತಿ ಬಳಸಿ ಬಿಡುತ್ತದೆ. ನಮ್ಮ ಕೋಶಗಳಲ್ಲಿ ಇದರ ಸಂಬಂಧಿಗಳು ಎಚ್‌ಎಸ್‌ಪಿ 70 ಗುಂಪಿನವು. ಈ ಎರಡರಲ್ಲಿ ಒಂದನ್ನು ಮಾತ್ರ ತೆಗೆದರೆ ಬ್ಯಾಕ್ಟೀರಿಯಾ ಹೇಗೋ ಬದುಕುತ್ತದೆ. ಎರಡನ್ನೂ ಒಟ್ಟಿಗೆ ತೆಗೆದರೆ 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೆಳೆಯಲಾರದು.

ಇಷ್ಟಾದರೂ ಮಡಚಿಕೊಳ್ಳಲಾಗದ ಪ್ರೋಟೀನ್‌ಗಳಿಗೆ ಗ್ರೋಇಎಲ್ ಎಂಬ ಕೋಣೆಯಿದೆ. ಏಳೇಳು ಘಟಕಗಳ ಎರಡು ಉಂಗುರಗಳು ಬೆನ್ನಿಗೆ ಬೆನ್ನು ಕೊಟ್ಟು ನಿಂತ ಪೀಪಾಯಿ ಅದು, ಮೇಲೆ ಗ್ರೋಇಎಸ್ ಎಂಬ ಮುಚ್ಚಳ. ಒಂದು ಸರಪಳಿ ಒಳಗೆ ಹೋಗಿ, ಮುಚ್ಚಳ ಹಾಕಿಕೊಂಡು, ಯಾರ ಕಾಟವೂ ಇಲ್ಲದೆ ಕೆಲವು ಸೆಕೆಂಡು ಮಡಚಿಕೊಳ್ಳಲು ಪ್ರಯತ್ನಿಸುತ್ತದೆ. ಜೀವಗೋಳದಲ್ಲಿ ಅತಿ ಹೇರಳವಾದ ಪ್ರೋಟೀನ್ ರುಬಿಸ್ಕೋ ಎಂದು ಪಠ್ಯದಲ್ಲಿ ಓದಿದ್ದೀರಲ್ಲ? ಹಸಿರೆಲೆಯ ಆ ರುಬಿಸ್ಕೋ ಕೂಡ ಇಂಥದೇ ಕೋಣೆಯ ನೆರವಿಲ್ಲದೆ ಆಕಾರ ಪಡೆಯಲಾರದು.

ಇನ್ಸುಲಿನ್: ಎಸೆಯುವ ತುಂಡಿಗೂ ಕೆಲಸವಿದೆ

ದ್ವಿತೀಯ ಪಿಯುಸಿಯಲ್ಲಿ ಪ್ರೋಇನ್ಸುಲಿನ್ ಬಗ್ಗೆ ಓದುವಾಗ ಒಂದು ಸಂಶಯ ಬರಬೇಕು. ಕೊನೆಗೆ ಬೇಕಿರುವುದು ಎ ಮತ್ತು ಬಿ ಸರಪಳಿ ಮಾತ್ರ. ಹಾಗಿದ್ದರೆ ಕತ್ತರಿಸಿ ಎಸೆಯುವ ಸಿ ಪೆಪ್ಟೈಡನ್ನು ದೇಹ ತಯಾರಿಸುವುದೇಕೆ?

ಲೆಕ್ಕ ನೋಡಿ. ಇನ್ಸುಲಿನ್ ಮೊದಲು 110 ಅಮೈನೋ ಆಮ್ಲಗಳ ಸರಪಳಿಯಾಗಿ ಹುಟ್ಟುತ್ತದೆ. ಮೊದಲ 24 ವಿಳಾಸ ಚೀಟಿ ಇದ್ದಂತೆ. ಅವು ಸುರಂಗದಿಂದ ಹೊರಬಂದ ಕೂಡಲೇ ರೈಬೋಸೋಮನ್ನು ಒರಟು ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ಮಿಗೆ ಕರೆದೊಯ್ಯಲಾಗುತ್ತದೆ. ಸರಪಳಿ ಅದರೊಳಕ್ಕೆ ಇಳಿಯುತ್ತದೆ, ಚೀಟಿ ಕತ್ತರಿಸಿ ಹೋಗುತ್ತದೆ. ಪ್ರೋಟೀನ್‌ಗಳಲ್ಲಿ ಇಂಥ ವಿಳಾಸವಿದೆ ಎಂದು ತೋರಿಸಿದ ಗುಂಟರ್ ಬ್ಲೋಬೆಲ್ ಅವರಿಗೆ 1999ರಲ್ಲಿ ನೊಬೆಲ್ ಸಿಕ್ಕಿತು. ಉಳಿದ 86ರಲ್ಲಿ ಮೊದಲು ಬಿ, ನಡುವೆ ಸಿ, ಕೊನೆಗೆ ಎ. ಸಿ ಭಾಗ ಎರಡು ತುದಿಗಳನ್ನು ಹತ್ತಿರ ಹಿಡಿದಿರುವುದರಿಂದ 6 ಸಿಸ್ಟೀನ್‌ಗಳು ಸರಿಯಾಗಿ ಜೋಡಿಯಾಗಿ 3 ಡೈಸಲ್ಫೈಡ್ ಬಂಧಗಳು ಏರ್ಪಡುತ್ತವೆ. ಆಮೇಲೆ 31 ಅಮೈನೋ ಆಮ್ಲಗಳ ಸಿ ಪೆಪ್ಟೈಡನ್ನೂ ಅದರ ಎರಡು ಬದಿಯ ಎರಡೆರಡು ಅಮೈನೋ ಆಮ್ಲಗಳನ್ನೂ ತೆಗೆದರೆ ಉಳಿಯುವುದು 51 ಅಮೈನೋ ಆಮ್ಲಗಳ ಇನ್ಸುಲಿನ್. ಮನೆ ಕಟ್ಟುವಾಗ ಸೆಂಟ್ರಿಂಗ್ ಹಲಗೆ ಹಾಕಿ, ಕಾಂಕ್ರೀಟ್ ಗಟ್ಟಿಯಾದ ಮೇಲೆ ಬಿಚ್ಚುವಂತೆ.

ಆ ಆರು ಸಿಸ್ಟೀನ್‌ಗಳಲ್ಲಿ ಒಂದೇ ಒಂದು ಬದಲಾದರೂ ಪ್ರೋಇನ್ಸುಲಿನ್ ತಪ್ಪಾಗಿ ಮಡಚಿಕೊಂಡು ರೆಟಿಕ್ಯುಲಮ್ಮಿನೊಳಗೆ ತುಂಬಿಕೊಳ್ಳುತ್ತದೆ, ಬೀಟಾ ಕೋಶಗಳು ಬಳಲಿ ಸಾಯುತ್ತವೆ. ಕೆಲವು ಶಿಶುಗಳಿಗೆ ಹುಟ್ಟಿದ ಮೊದಲ ತಿಂಗಳುಗಳಲ್ಲೇ ಸಕ್ಕರೆ ಕಾಯಿಲೆ ಬರಲು ಇಂಥ ಮ್ಯುಟೇಶನ್‌ಗಳು ಕಾರಣ ಎಂದು 2007ರಲ್ಲಿ ತಿಳಿದುಬಂತು. ಗಮನಿಸಿ, ಆ ಮಗುವಿನ ಇನ್ನೊಂದು ಜೀನ್ ಸರಿಯಾಗಿಯೇ ಇರುತ್ತದೆ. ಆದರೂ ತಪ್ಪಾಗಿ ಮಡಚಿಕೊಂಡದ್ದು ಕೋಶವನ್ನೇ ಕೆಡಿಸುತ್ತದೆ.

ಒಂದು ಅಮೈನೋ ಆಮ್ಲ ಇಲ್ಲದಿದ್ದರೆ

ಸಿಸ್ಟಿಕ್ ಫೈಬ್ರೋಸಿಸ್ ಇನ್ನೊಂದು ಉದಾಹರಣೆ. ಇದರಲ್ಲಿ ಕೆಡುವುದು ಸಿಎಫ್‌ಟಿಆರ್ ಎಂಬ 1,480 ಅಮೈನೋ ಆಮ್ಲಗಳ ಪ್ರೋಟೀನ್. ಕ್ಲೋರೈಡ್ ಅಯಾನುಗಳನ್ನು ಕೋಶಪೊರೆಯ ಮೂಲಕ ದಾಟಿಸುವುದು ಅದರ ಕೆಲಸ. ಅತಿ ಸಾಮಾನ್ಯವಾದ ಮ್ಯುಟೇಶನ್‌ನಲ್ಲಿ 508ನೇ ಸ್ಥಾನದ ಫೀನೈಲ್‌ಅಲನಿನ್ ಒಂದು ಬಿಟ್ಟುಹೋಗಿರುತ್ತದೆ. ಉಳಿದ 1,479 ಸರಿಯಾಗಿವೆ. ಕೋಶಪೊರೆಯವರೆಗೆ ತಲುಪಿದರೆ ಆ ಪ್ರೋಟೀನ್ ಸ್ವಲ್ಪಮಟ್ಟಿಗೆ ಕೆಲಸವನ್ನೂ ಮಾಡಬಲ್ಲದು. ಆದರೆ ಮಡಿಕೆ ಸರಿಯಿಲ್ಲದ್ದರಿಂದ ಕೋಶದ ತಪಾಸಣೆ ವ್ಯವಸ್ಥೆ ಅದನ್ನು ದಾರಿಯಲ್ಲೇ ಹಿಡಿದು ನಾಶಮಾಡುತ್ತದೆ. ಶ್ವಾಸಕೋಶದಲ್ಲಿ ಗಟ್ಟಿ ಲೋಳೆ ಕಟ್ಟಿಕೊಂಡು ರೋಗಿ ನರಳುತ್ತಾನೆ. 2019ರಲ್ಲಿ ಅಮೆರಿಕದಲ್ಲಿ ಮೂರು ಔಷಧಗಳ ಒಂದು ಸಂಯೋಜನೆಗೆ ಅನುಮತಿ ಸಿಕ್ಕಿತು. ಅವುಗಳಲ್ಲಿ ಎರಡು ಈ ಪ್ರೋಟೀನ್ ಸರಿಯಾಗಿ ಮಡಚಿಕೊಳ್ಳಲು ನೆರವಾಗುತ್ತವೆ, ಮೂರನೆಯದು ದಾರಿ ತೆರೆದಿರುವಂತೆ ನೋಡಿಕೊಳ್ಳುತ್ತದೆ. ಮಡಿಕೆಯನ್ನು ಸರಿಪಡಿಸಿಯೇ ರೋಗಕ್ಕೆ ಮದ್ದು ಕೊಡಬಹುದೆಂದು ಇದು ತೋರಿಸಿತು.

ವೇಗವೂ ಒಂದು ಮಾಹಿತಿ

ಜೆನೆಟಿಕ್ ಕೋಡ್ ಡಿಜೆನರೇಟ್, ಅಂದರೆ ಒಂದೇ ಅಮೈನೋ ಆಮ್ಲಕ್ಕೆ ಹಲವು ಕೋಡಾನ್‌ಗಳಿವೆ ಎಂದು ಕಲಿತಿದ್ದೀರಿ. ಎಯುಸಿ ಬದಲು ಎಯುಯು ಬಂದರೂ ಬರುವುದು ಐಸೋಲ್ಯೂಸಿನ್ನೇ. ಆದ್ದರಿಂದ ಇಂಥ ಬದಲಾವಣೆಯನ್ನು ‘ಮೌನ’ ಮ್ಯುಟೇಶನ್ ಎನ್ನುತ್ತೇವೆ.

2007ರಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ವಿಜ್ಞಾನಿಗಳು ಎಂಡಿಆರ್ 1 ಜೀನಿನಲ್ಲಿ ಇದೇ ಬದಲಾವಣೆಯನ್ನು ಪರೀಕ್ಷಿಸಿದರು. ಈ ಜೀನಿನ ಪ್ರೋಟೀನ್ ಔಷಧಗಳನ್ನು ಕೋಶದಿಂದ ಹೊರಕ್ಕೆ ತಳ್ಳುವ ಪಂಪು. ಅಮೈನೋ ಆಮ್ಲಗಳ ಅನುಕ್ರಮ ಬದಲಾಗಿರಲಿಲ್ಲ, ಪ್ರಮಾಣವೂ ಕಡಿಮೆಯಾಗಿರಲಿಲ್ಲ. ಆದರೆ ಕೆಲವು ಔಷಧಗಳೊಂದಿಗೆ ಪಂಪು ವರ್ತಿಸುವ ರೀತಿ ಬದಲಾಗಿತ್ತು. ಅವರು ಮುಂದಿಟ್ಟ ವಿವರಣೆ ಹೀಗಿದೆ: ಹೊಸ ಕೋಡಾನ್ ಕಡಿಮೆ ಬಳಕೆಯದಾದ್ದರಿಂದ ಅಲ್ಲಿ ರೈಬೋಸೋಮಿನ ವೇಗ ಬದಲಾಗುತ್ತದೆ, ಹೊರಗೆ ಮಡಚಿಕೊಳ್ಳುತ್ತಿರುವ ಸರಪಳಿಗೆ ಸಿಗುವ ಸಮಯ ಬದಲಾಗುತ್ತದೆ, ಹೀಗಾಗಿ ಕೊನೆಯ ಆಕಾರದಲ್ಲೂ ಸ್ವಲ್ಪ ವ್ಯತ್ಯಾಸ ಬರುತ್ತದೆ.

ಇಲ್ಲಿ ನಮ್ಮ ಮೊದಲ ಪ್ರಶ್ನೆಗೆ ಉತ್ತರ ಪೂರ್ತಿಯಾಗುತ್ತದೆ. ಆಕಾರದ ಮಾಹಿತಿ ಅನುಕ್ರಮದಲ್ಲಿದೆ ಎಂಬ ಆನ್‌ಫಿನ್ಸೆನ್ ಮಾತು ಇಂದಿಗೂ ನಿಜ. ಆದರೆ ಕೋಶದೊಳಗೆ ಆ ಮಾಹಿತಿ ಫಲ ಕೊಡಬೇಕಾದರೆ ಯಾವ ಭಾಗ ಮೊದಲು ಹೊರಬಂತು, ಎಷ್ಟು ಹೊತ್ತಿನಲ್ಲಿ ಬಂತು, ಬಾಗಿಲಲ್ಲಿ ಯಾರು ಕಾಯುತ್ತಿದ್ದರು ಎಂಬುದೂ ಮುಖ್ಯ.

ಅನುಕ್ರಮ ಕೊಟ್ಟರೆ ಪ್ರೋಟೀನಿನ ಆಕಾರವನ್ನು ಊಹಿಸುವ ಆಲ್ಫಾಫೋಲ್ಡ್ ಕಂಪ್ಯೂಟರ್ ಪ್ರೋಗ್ರಾಂ ತಯಾರಿಸಿದ ಡೆಮಿಸ್ ಹಸಾಬಿಸ್ ಮತ್ತು ಜಾನ್ ಜಂಪರ್ ಅವರಿಗೆ 2024ರ ರಸಾಯನಶಾಸ್ತ್ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ಆ ಪ್ರೋಗ್ರಾಂ ತಲುಪಬೇಕಾದ ಊರನ್ನು ತೋರಿಸುತ್ತದೆ. ಸರಪಳಿ ಅಲ್ಲಿಗೆ ಹೆಜ್ಜೆ ಹೆಜ್ಜೆಯಾಗಿ ಹೋಗುವ ದಾರಿಯನ್ನು ಕಂಡುಹಿಡಿಯುವ ಕೆಲಸ ಇನ್ನೂ ಬಾಕಿಯಿದೆ. ಜೀವಶಾಸ್ತ್ರ, ರಸಾಯನಶಾಸ್ತ್ರ, ಭೌತಶಾಸ್ತ್ರ, ಗಣಿತ ನಾಲ್ಕನ್ನೂ ಕೂಡಿಸಿ ಓದುವ ನಿಮ್ಮಂಥವರಿಗೆ ಇದು ತೆರೆದಿರುವ ಕ್ಷೇತ್ರ.

ನೆನಪಿಡಿ

1. ಪ್ರಾಥಮಿಕ ರಚನೆ ಸರಿಯಿದ್ದರೂ ತೃತೀಯಕ ರಚನೆ ಕೆಟ್ಟರೆ ಪ್ರೋಟೀನ್ ಕೆಲಸ ಮಾಡದು.
2. ಅನೇಕ ಪ್ರೋಟೀನ್‌ಗಳು ರೈಬೋಸೋಮಿನಿಂದ ಹೊರಬರುತ್ತಿರುವಾಗಲೇ, ಡೊಮೇನ್ ಡೊಮೇನ್ ಆಗಿ ಮಡಚಿಕೊಳ್ಳುತ್ತವೆ.
3. ಚಾಪೆರೋನ್‌ಗಳು ಆಕಾರ ನಿರ್ಧರಿಸುವುದಿಲ್ಲ, ತಪ್ಪು ಅಂಟಿಕೊಳ್ಳುವಿಕೆಯನ್ನು ತಡೆಯುತ್ತವೆ.
4. ಸಿ ಪೆಪ್ಟೈಡ್, ಎ ಮತ್ತು ಬಿ ಸರಪಳಿಗಳು ಸರಿಯಾಗಿ ಜೋಡಿಯಾಗಲು ನೆರವಾಗುತ್ತದೆ.

ಯೋಚಿಸಿ ಉತ್ತರಿಸಿ

1. ಇನ್ಸುಲಿನ್‌ನ 6 ಸಿಸ್ಟೀನ್‌ಗಳನ್ನು ಎಷ್ಟು ವಿಧದಲ್ಲಿ ಮೂರು ಜೋಡಿ ಮಾಡಬಹುದು? ಆನ್‌ಫಿನ್ಸೆನ್ ಲೆಕ್ಕದ ರೀತಿಯಲ್ಲೇ ಮಾಡಿ ನೋಡಿ.
2. ಸೆಕೆಂಡಿಗೆ 5 ಅಮೈನೋ ಆಮ್ಲಗಳ ವೇಗದಲ್ಲಿ ಸಿಎಫ್‌ಟಿಆರ್ ತಯಾರಾಗಲು ಎಷ್ಟು ನಿಮಿಷ ಬೇಕು? ಅಷ್ಟು ಹೊತ್ತು ಅದರ ಮೊದಲ ಡೊಮೇನ್ ಮಡಚಿಕೊಳ್ಳದೆ ಕಾದರೆ ಏನಾಗಬಹುದು?
3. ಸ್ಪಿರಿನ್ ತಂಡ ಲೂಸಿಫರೇಸಿನ ಕೊನೆಗೆ ಹೆಚ್ಚುವರಿ ಅಮೈನೋ ಆಮ್ಲಗಳನ್ನು ಸೇರಿಸದಿದ್ದರೆ, ರೈಬೋಸೋಮಿಗೆ ಅಂಟಿಕೊಂಡ ಸರಪಳಿ ಬೆಳಗುತ್ತಿತ್ತೇ? ಸುರಂಗದ ಉದ್ದ ನೆನಪಿಟ್ಟುಕೊಂಡು ಕಾರಣ ಕೊಡಿ.

ಉತ್ತರಗಳನ್ನು ಬರೆದು ಜೀವಶಾಸ್ತ್ರ ವಿಭಾಗಕ್ಕೆ ತಲುಪಿಸಿ. ಮೂರನೆಯ ಪ್ರಶ್ನೆಗೆ ಚಿತ್ರ ಬಿಡಿಸಿ ವಿವರಿಸಿದರೆ ಇನ್ನೂ ಒಳ್ಳೆಯದು.